ಅಕ್ಕಿ ನಿಂತ ಮನೆಯಲ್ಲಿ ಕಡಿಮೆಯಾಗುವುದು ಬೇಳೆ: ಆಹಾರ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಬಿಪಿಎಲ್ ಪಡಿತರ ಚೀಟಿಗಳನ್ನು ವಿಚಾರಣೆಯಿಲ್ಲದೆ ರದ್ದುಪಡಿಸುತ್ತಿರುವುದು ಮತ್ತು ಅದರಿಂದ ಕೂಲಿ ಕುಟುಂಬಗಳ ಊಟದ ಮೇಲೆ ಆಗುತ್ತಿರುವ ಪರಿಣಾಮ.

ಮಾನ್ಯರೇ,

ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಊರಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘದ ಮಾರಾಟ ಗುಮಾಸ್ತನಾಗಿ ನಾನು 31 ವರ್ಷ ಕೆಲಸ ಮಾಡಿದ್ದೇನೆ. ನಮ್ಮ ಕಡೆ ಪಡಿತರದ ಅಕ್ಕಿಗೆ ಇಂದಿಗೂ ‘ಸೊಸೈಟಿ ಅಕ್ಕಿ’ ಎಂದೇ ಹೆಸರು. ಆ ಸೊಸೈಟಿಯ ತಕ್ಕಡಿಯ ಹಿಂದೆ ನಿಂತಿದ್ದವನು ನಾನು. ಹಸಿರು ಕಾರ್ಡು ಹಿಡಿದು ಬಂದವರಿಗೆ, ಆಮೇಲೆ ಬಿಪಿಎಲ್ ಕಾರ್ಡು ಹಿಡಿದು ಬಂದವರಿಗೆ, ಕಡೆಗೆ ಕಾರ್ಡಿನ ಬದಲು ಬೆರಳನ್ನೇ ಚಾಚಿ ಬಂದವರಿಗೆ ಅಕ್ಕಿ ತೂಗಿ ಕೊಟ್ಟಿದ್ದೇನೆ. ನಿವೃತ್ತನಾದ ಮೇಲೂ ಊರಿನವರು ಅರ್ಜಿ ಬರೆಸುವುದಕ್ಕೆ, ಫೋನಿಗೆ ಬಂದ ಸಂದೇಶ ಓದಿಸುವುದಕ್ಕೆ ನಮ್ಮ ಮನೆಯ ಜಗಲಿಗೇ ಬರುತ್ತಾರೆ. ಕಳೆದ ಒಂದು ವರ್ಷದಲ್ಲಿ ಹಾಗೆ ಬಂದವರಲ್ಲಿ ಹದಿನೇಳು ಮನೆಯವರು ಹೇಳಿದ್ದು ಒಂದೇ ಮಾತು: “ಈ ತಿಂಗಳು ಮಿಷನ್ನಿನಲ್ಲಿ ನಮ್ಮ ಹೆಸರು ಬರಲಿಲ್ಲವಂತೆ.” ಈ ಪತ್ರ ಆ ಹದಿನೇಳು ಮನೆಗಳ ಕುರಿತದ್ದು.

ಒಪ್ಪಿಕೊಳ್ಳಬೇಕಾದದ್ದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರ್ಹತೆಯಿಲ್ಲದೆ ಬಿಪಿಎಲ್ ಕಾರ್ಡು ಇಟ್ಟುಕೊಂಡವರು ಇದ್ದಾರೆ; ಕಾರು ನಿಲ್ಲಿಸಿ, ಅಕ್ಕಿಯನ್ನು ಆಳಿನ ಕೈಯಲ್ಲಿ ಹೊರಿಸಿಕೊಂಡು ಹೋದವರನ್ನು ನಾನೇ ಕಂಡಿದ್ದೇನೆ. ಅಕ್ಕಿಯನ್ನು ಊರ ಮೇಲೆ ಬರುವ ಗೂಡ್ಸ್ ಆಟೋದವನಿಗೆ ಮಾರಿಕೊಳ್ಳುವವರೂ ಇದ್ದಾರೆ. ತಕ್ಕಡಿಯ ಈಚೆ ಬದಿಯ ತಪ್ಪನ್ನೂ ಮುಚ್ಚಿಡುವುದಿಲ್ಲ: ಗೋದಾಮಿನಿಂದ ಬರುವ ಚೀಲದಲ್ಲಿಯೇ ಒಂದೆರಡು ಕೆ.ಜಿ. ಕಡಿಮೆ ಇರುತ್ತಿದ್ದ ಕಾಲದಲ್ಲಿ ಆ ನಷ್ಟವನ್ನು ಕಾರ್ಡುದಾರರ ತೂಕದಲ್ಲಿ ಹಿಡಿದುಕೊಳ್ಳುವುದು ವಾಡಿಕೆಯಾಗಿತ್ತು, ನಾನೂ ಅದಕ್ಕೆ ಹೊರತಾಗಿರಲಿಲ್ಲ. ಆದ್ದರಿಂದ ಪಟ್ಟಿಯನ್ನು ಪರಿಶೀಲಿಸಬಾರದೆಂದು ನಾನು ಹೇಳುತ್ತಿಲ್ಲ. ಪರಿಶೀಲನೆ ಎಂಬುದು ಮನೆಯ ಬಾಗಿಲಿಗೆ ಬಂದು, ಮನೆಯವರನ್ನು ಕೇಳಿ, ಅವರ ಉತ್ತರವನ್ನು ಬರೆದುಕೊಂಡು ಆಮೇಲೆ ಆಗಬೇಕಾದ ತೀರ್ಮಾನವೇ ಹೊರತು, ಮೊದಲು ಅಕ್ಕಿ ನಿಲ್ಲಿಸಿ ನಂತರ ಬಡವನೇ ತಾನು ಬಡವನೆಂದು ಕಚೇರಿಯಿಂದ ಕಚೇರಿಗೆ ಅಲೆದು ರುಜುವಾತು ಮಾಡುವ ಶಿಕ್ಷೆಯಾಗಬಾರದು.

ಕಾರ್ಡು ರದ್ದಾಗುವುದು ಒಂದೇ ಕಡಿತವಲ್ಲ. ಕಾರ್ಡು ಉಳಿದವರ ಪಾಲೂ ಈ ಹನ್ನೆರಡು ವರ್ಷಗಳಲ್ಲಿ ಏರಿಳಿಯುತ್ತಲೇ ಬಂದಿದೆ. 2013ರ ಜುಲೈ 10ರಂದು ಅನ್ನಭಾಗ್ಯ ಆರಂಭವಾದಾಗ ಕೆ.ಜಿ.ಗೆ ಒಂದು ರೂಪಾಯಿಯಂತೆ, ಮೂವರು ಅಥವಾ ಅದಕ್ಕಿಂತ ಹೆಚ್ಚು ಜನರ ಕುಟುಂಬಕ್ಕೆ 30 ಕೆ.ಜಿ. ಅಕ್ಕಿ ಇತ್ತು. 2015ರಲ್ಲಿ ಅದು ಉಚಿತವಾಗಿ, ತಲೆಗೆ 5 ಕೆ.ಜಿ. ಧಾನ್ಯವಾಯಿತು, 2017ರಲ್ಲಿ 7 ಕೆ.ಜಿ. ಅಕ್ಕಿಗೆ ಏರಿತು, ಮುಂದೆ ಬಂದ ಸರ್ಕಾರ ಅದನ್ನು 5ಕ್ಕೆ ಇಳಿಸಿತು, 2021ರಲ್ಲಿ ನಮ್ಮ ಭಾಗದಲ್ಲಿ ಅಕ್ಕಿ 2 ಕೆ.ಜಿ.ಗೆ ಇಳಿದು ಉಳಿದ 3 ಕೆ.ಜಿ. ರಾಗಿಯಾಯಿತು. ಕೋವಿಡ್ ಕಾಲದಲ್ಲಿ ಕೇಂದ್ರ ಕೊಡುತ್ತಿದ್ದ ಹೆಚ್ಚುವರಿ 5 ಕೆ.ಜಿ. 2022ರ ಡಿಸೆಂಬರ್‌ಗೆ ಕೊನೆಗೊಂಡಿತು. 2023ರ ಜುಲೈಯಿಂದ, ರಾಜ್ಯ ಕೊಡುತ್ತೇನೆಂದಿದ್ದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಸಿಗಲಿಲ್ಲವೆಂದು, ಅದರ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಂದಿತು. 2025ರ ಫೆಬ್ರುವರಿಯಿಂದ ಹಣ ಹೋಗಿ ಮತ್ತೆ ಅಕ್ಕಿ ಬಂದಿತು. ವಿಧಾನಸೌಧದಲ್ಲಿ ಇವು ಒಂದೊಂದೂ ಒಂದೊಂದು ಆದೇಶ. ಆದರೆ ಪ್ರತಿ ಸಲವೂ ‘ಏಕಪ್ಪಾ ಕಡಿಮೆ?’ ಎಂದು ಕೇಳಿದ ಹೆಂಗಸರಿಗೆ ಉತ್ತರ ಹೇಳಬೇಕಾಗಿದ್ದದ್ದು ತಕ್ಕಡಿಯ ಹಿಂದಿನವರು. ತಿಂಗಳ ಖರ್ಚನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಿ ಬದುಕುವ ಮನೆಗೆ, ಎಷ್ಟು ಸಿಗುತ್ತದೆ ಎಂಬುದರಷ್ಟೇ ಮುಖ್ಯವಾದದ್ದು, ಮುಂದಿನ ತಿಂಗಳೂ ಅಷ್ಟೇ ಸಿಗುತ್ತದೆಯೇ ಎಂಬುದು.

ಈಗ ಅಕ್ಕಿ ನಿಂತ ಮನೆಯೊಳಗೆ ಏನಾಗುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಬೇಕು, ಏಕೆಂದರೆ ಕಡತದಲ್ಲಿ ಕಾಣದಿರುವುದು ಅದೊಂದೇ. ನಮ್ಮ ಊರಿನ ಐದು ಜನರ ಒಂದು ಮನೆಯನ್ನು ತೆಗೆದುಕೊಳ್ಳಿ: ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅತ್ತೆ. ಜಮೀನು ಇಲ್ಲ. ಗಂಡ ಕಬ್ಬು ಕಡಿಯುತ್ತಾನೆ, ಆಲೆಮನೆ ನಡೆಯುವಾಗ ಅಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಾನೆ. ಹೆಂಡತಿ ನಾಟಿ, ಕಳೆ, ಸೋಗೆ ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಸೊಸೈಟಿಯಿಂದ ಬರುತ್ತಿದ್ದದ್ದು ತಲೆಗೆ 10ರಂತೆ 50 ಕೆ.ಜಿ. ಸರ್ಕಾರವೇ 2023ರಲ್ಲಿ ಕಟ್ಟಿದ 34 ರೂಪಾಯಿ ಬೆಲೆಯಲ್ಲಿ ಅದು ತಿಂಗಳಿಗೆ 1,700 ರೂಪಾಯಿ, ವರ್ಷಕ್ಕೆ 20,400 ರೂಪಾಯಿ. 2025-26ನೇ ಸಾಲಿಗೆ ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಅಂದರೆ ಕಾರ್ಡು ಹೋಯಿತೆಂದರೆ ಪ್ರತಿ ತಿಂಗಳೂ ಒಬ್ಬರ ನಾಲ್ಕೂವರೆ ದಿನಕ್ಕೂ ಮಿಕ್ಕಿದ ದುಡಿಮೆ ಬರೀ ಅಕ್ಕಿಗೆ ಹೋಗುತ್ತದೆ. ಅಂಗಡಿಯ ಬೆಲೆ 34ಕ್ಕೆ ನಿಲ್ಲುವುದಿಲ್ಲವಾದ್ದರಿಂದ ಲೆಕ್ಕ ಇನ್ನೂ ಮೇಲಕ್ಕೇ ಏರುತ್ತದೆ.

ಆದರೆ ಆ ಮನೆಯಲ್ಲಿ ಅಕ್ಕಿ ಬೇಯುವುದು ನಿಲ್ಲಲಿಲ್ಲ. ಇದು ನಾನು ತಡವಾಗಿ ಅರ್ಥ ಮಾಡಿಕೊಂಡ ಸಂಗತಿ. ಹೊಟ್ಟೆ ತುಂಬುವ ಪದಾರ್ಥವನ್ನು ಯಾರೂ ಮೊದಲು ಬಿಡುವುದಿಲ್ಲ. ಸಾಲ ಮಾಡಿಯಾದರೂ ಅಕ್ಕಿ, ರಾಗಿ ತರುತ್ತಾರೆ. ಬಿಡುವುದು ಅದರ ಜೊತೆಗಿನದನ್ನು. ತಿಂಗಳಿಗೆ ಮೂರು ಕೆ.ಜಿ. ತರುತ್ತಿದ್ದ ತೊಗರಿಬೇಳೆ ಒಂದು ಕೆ.ಜಿ.ಗೆ ಇಳಿಯಿತು. ಎಣ್ಣೆಯ ಪ್ಯಾಕೆಟ್ಟು ಹದಿನೈದು ದಿನಕ್ಕೊಂದು ಇದ್ದದ್ದು ತಿಂಗಳಿಗೊಂದಾಯಿತು. ಭಾನುವಾರದ ಮೊಟ್ಟೆ ನಿಂತಿತು. ನಮ್ಮ ಸೀಮೆಯ ಉಪ್ಸಾರಿಗೆ ಬೇಳೆಯೋ ಕಾಳೋ ಬೆಂದ ಕಟ್ಟು ಬೇಕು; ಈಗ ಆ ಮನೆಯಲ್ಲಿ ಬದುವಿನ ಮೇಲಿಂದ ಕಿತ್ತು ತಂದ ಸೊಪ್ಪಿನ ಕಟ್ಟೇ ಉಪ್ಸಾರು, ಮೇಲೆ ಒಂದಿಷ್ಟು ಖಾರ. ಮುದ್ದೆ ಗಂಟಲಿಗೆ ಇಳಿಯುತ್ತದೆ, ಅಷ್ಟೇ. ಹೊರಗಿನಿಂದ ನೋಡಿದವರಿಗೆ ಒಲೆ ಹೊತ್ತಿದೆ, ಮುದ್ದೆ ಇದೆ, ಸಾರು ಇದೆ. ಸಮೀಕ್ಷೆಗೆ ಬಂದವರು ‘ಎರಡು ಹೊತ್ತು ಊಟ ಮಾಡುತ್ತೀರಾ?’ ಎಂದು ಕೇಳಿದರೆ ಹೌದೆಂದೇ ಹೇಳುತ್ತಾರೆ.

ಹೀಗೆ ಸಣ್ಣದಾದ ಊಟವೂ ಮನೆಯಲ್ಲಿ ಸಮನಾಗಿ ಹಂಚಿಕೆಯಾಗುವುದಿಲ್ಲ. ಗದ್ದೆಗೆ ಹೋಗುವ ಗಂಡಸಿಗೆ ಮೊದಲು, ಮಕ್ಕಳಿಗೆ ಆಮೇಲೆ, ವಯಸ್ಸಾದವರಿಗೆ ಅದರ ನಂತರ, ಬಡಿಸಿದವಳಿಗೆ ಕಡೆಯಲ್ಲಿ. ಗಂಡನಷ್ಟೇ ಬಿಸಿಲಿನಲ್ಲಿ ದುಡಿದು ಬಂದವಳ ತಟ್ಟೆಗೆ ಪಾತ್ರೆಯ ತಳದ ಸಾರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ, ಆರು ತಿಂಗಳು ದಾಟಿದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅನ್ನಭಾಗ್ಯ ನಡೆಯುತ್ತಿದ್ದ ಕಾಲದ ಅಂಕಿ ಇದು. ಬೇಳೆ, ಮೊಟ್ಟೆ, ಸೊಪ್ಪು, ಎಣ್ಣೆಗೆ ಆ ಮನೆಗಳ ಕೈಯಲ್ಲಿ ಎಷ್ಟು ಹಣ ಉಳಿಯುತ್ತಿತ್ತೋ ಅದರಲ್ಲಿಯೇ ಇಷ್ಟು. ಅದನ್ನೂ ಅಕ್ಕಿಗೆ ಹಾಕಬೇಕಾಗಿ ಬಂದರೆ ಮುಂದೇನು ಎಂಬುದನ್ನು ತಮ್ಮ ಇಲಾಖೆಯೂ ಆರೋಗ್ಯ ಇಲಾಖೆಯೂ ಒಂದೇ ಮೇಜಿನಲ್ಲಿ ಕುಳಿತು ಯೋಚಿಸಬೇಕು. ಮಕ್ಕಳಿಗೆ ಶಾಲೆಯಲ್ಲಿ ಬಿಸಿಯೂಟವಿದೆ, ಮೊಟ್ಟೆಯಿದೆ, ನಿಜ. ಅದು ದೊಡ್ಡ ಆಸರೆ. ಆದರೆ ದಸರಾ ರಜೆ ಬಂದಾಗ, ಮೈಸೂರಿಗೆ ಮೈಸೂರೇ ದೀಪ ಹಚ್ಚಿಕೊಂಡು ನಿಂತಿರುವಾಗ, ಆ ಮಕ್ಕಳ ಮಧ್ಯಾಹ್ನದ ಊಟ ಮತ್ತೆ ಅದೇ ತಾಯಿಯ ಪಾತ್ರೆಗೆ ಬಂದು ಸೇರುತ್ತದೆ.

ಇನ್ನು ಅಕ್ಕಿ ಮಾರುವವರ ವಿಚಾರ. ‘ಮಾರಿಕೊಳ್ಳುತ್ತಾರೆ, ಅಂದಮೇಲೆ ಅವರಿಗೆ ಬೇಡ’ ಎಂಬ ತೀರ್ಮಾನ ಪೇಟೆಯ ಹರಟೆಯಲ್ಲಿ ಸುಲಭವಾಗಿ ಬರುತ್ತದೆ. ವ್ಯಾಪಾರಕ್ಕೆಂದೇ ಅಕ್ಕಿ ಸಂಗ್ರಹಿಸುವವರನ್ನು ಹಿಡಿಯಿರಿ, ಅವರ ಬಗ್ಗೆ ನನಗೆ ಕನಿಕರವಿಲ್ಲ. ಆದರೆ ಹತ್ತು ಕೆ.ಜಿ. ಅಕ್ಕಿ ಕೊಟ್ಟು ಆ ದುಡ್ಡಿನಲ್ಲಿ ಎಣ್ಣೆ, ಸೋಪು, ಮೆಣಸಿನಕಾಯಿ ತಂದ ಹೆಂಗಸು ಅಕ್ಕಿ ಬೇಡದವಳಲ್ಲ. ಸಾರಿಗೆ ಬೇಕಾದದ್ದು ಅವಳಿಗೆ ಸೊಸೈಟಿಯಲ್ಲಿ ಸಿಗುವುದಿಲ್ಲ, ಅಷ್ಟೇ.

ಬಡವನೆಂದರೆ ಯಾರು ಎಂಬ ಮಾನದಂಡಕ್ಕೆ ಬರುತ್ತೇನೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು ಎಂಬುದು ಸರ್ಕಾರದ ನಿಯಮ. ಈ ಮಿತಿಯನ್ನು ಸರ್ಕಾರದ್ದೇ ಕೂಲಿ ದರದ ಪಕ್ಕದಲ್ಲಿ ಇಟ್ಟು ನೋಡಬೇಕೆಂದು ಕೋರುತ್ತೇನೆ. ದಿನಕ್ಕೆ 370 ರೂಪಾಯಿಯಂತೆ ಗಂಡ, ಹೆಂಡತಿ ಇಬ್ಬರಿಗೂ ವರ್ಷದಲ್ಲಿ ತಲಾ 163 ದಿನ ಕೆಲಸ ಸಿಕ್ಕಿದರೆ ಆದಾಯ 1,20,620 ರೂಪಾಯಿಯಾಗುತ್ತದೆ. ಆ ಕುಟುಂಬ ಬಡತನದ ರೇಖೆಯನ್ನು ದಾಟಿತೆಂದು ಲೆಕ್ಕ. ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಕೆಲಸವಿಲ್ಲದೆ ಕುಳಿತವರು ಮಾತ್ರ ಬಡವರು, ಉಳಿದವರೆಲ್ಲ ಅನುಕೂಲಸ್ಥರು ಎಂದು ಹೇಳಿದ ಹಾಗಾಯಿತು. ಐದು ಜನರ ಮನೆಯಲ್ಲಿ 1.20 ಲಕ್ಷವೆಂದರೆ ತಲೆಗೆ ದಿನಕ್ಕೆ 67 ರೂಪಾಯಿಯೂ ಬೀಳುವುದಿಲ್ಲ. ಅದರಲ್ಲಿ ಊಟ, ಬಟ್ಟೆ, ಔಷಧಿ, ಬಸ್ಸು, ಮಕ್ಕಳ ಪುಸ್ತಕ, ಕರೆಂಟು, ಹಬ್ಬ, ತಿಥಿ ಎಲ್ಲವೂ ಆಗಬೇಕು. ಕೂಲಿ ದರವನ್ನು ಪ್ರತಿ ವರ್ಷ ಪರಿಷ್ಕರಿಸುವ ಸರ್ಕಾರಗಳಿಗೆ ಈ ಮಿತಿಯನ್ನು ಮಾತ್ರ ಇದ್ದಲ್ಲೇ ಬಿಡಲು ಹೇಗೆ ಸಾಧ್ಯವಾಯಿತೋ ನನಗೆ ಅರ್ಥವಾಗಿಲ್ಲ.

ಈ ಮಿತಿಯನ್ನು ಈಗ ಪರಿಶೀಲಿಸುವುದು ಗ್ರಾಮಲೆಕ್ಕಿಗರಲ್ಲ, ಕಂಪ್ಯೂಟರು. ಆಧಾರ್ ಸಂಖ್ಯೆಯ ಮೂಲಕ ಒಂದು ಇಲಾಖೆಯ ದತ್ತಾಂಶವನ್ನು ಇನ್ನೊಂದರ ಜೊತೆ ತಾಳೆ ನೋಡಿ, ಹೊಂದಿಕೆಯಾಗದವರನ್ನು ಅನುಮಾನದ ಪಟ್ಟಿಗೆ ಸೇರಿಸಲಾಗುತ್ತದೆ. ಹದಿನೇಳು ಮನೆಗಳಲ್ಲಿ ನಾಲ್ಕು ಮನೆಯವರ ಮೇಲೆ ಬಂದ ಆಪಾದನೆ ‘ಆದಾಯ ತೆರಿಗೆ’. ಒಬ್ಬ ವಿಧವೆಯ ಮಗ ಗೂಡ್ಸ್ ಆಟೋ ಕೊಳ್ಳಲು ಸಾಲ ಕೇಳಿದಾಗ, ಸಾಲ ಕೊಡಿಸುವವನು ‘ಎರಡು ವರ್ಷದ ರಿಟರ್ನ್ಸ್ ಬೇಕು’ ಎಂದು ಹೇಳಿ, ತಾನೇ ಯಾವುದೋ ಅಂಕಿ ತುಂಬಿ ರಿಟರ್ನ್ಸ್ ಸಲ್ಲಿಸಿದ. ಆ ಹುಡುಗ ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಿಲ್ಲ, ಕಟ್ಟುವಷ್ಟು ಆದಾಯವೂ ಅವನಿಗಿಲ್ಲ. ರಿಟರ್ನ್ಸ್ ಸಲ್ಲಿಸುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. 2024ರ ನವೆಂಬರ್‌ನಲ್ಲಿ ಕಾರ್ಡುಗಳು ರದ್ದಾಗಿ ರಾಜ್ಯದಾದ್ಯಂತ ಗದ್ದಲವೆದ್ದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರನ್ನು ಬಿಟ್ಟು ಉಳಿದವರ ಕಾರ್ಡುಗಳಿಗೆ ತೊಂದರೆಯಾಗುವುದಿಲ್ಲವೆಂದು ಸರ್ಕಾರ ಭರವಸೆ ಕೊಟ್ಟಿತ್ತು. ಆ ಮಾತಿನಲ್ಲಿದ್ದ ‘ಪಾವತಿಸುವವರು’ ಎಂಬ ಪದವನ್ನು ಕಂಪ್ಯೂಟರಿಗೂ ಯಾರಾದರೂ ಹೇಳಿಕೊಡಬೇಕಿತ್ತು.

ಇನ್ನೊಂದು ಮನೆಯ ಹಿರಿಯ ಮಗಳು ಬೆಳಿಗ್ಗೆ ಆರು ಗಂಟೆಗೆ ಬಸ್ಸು ಹತ್ತಿ ಮದ್ದೂರಿನ ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಕೈಗೆ ಬರುವುದು ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು. ಸಂಬಳ ಬ್ಯಾಂಕಿಗೆ ಬರುತ್ತದೆ, ಭವಿಷ್ಯನಿಧಿ ಹಿಡಿಯುತ್ತಾರೆ. ಆದ್ದರಿಂದ ಅವಳ ಆದಾಯ ಮಾತ್ರ ಎಲ್ಲರಿಗೂ ಕಾಣುತ್ತದೆ. ಅವಳೊಬ್ಬಳ ಸಂಬಳದಿಂದಲೇ ಆರು ಜನರ ಮನೆ 1.20 ಲಕ್ಷದ ಗೆರೆ ದಾಟಿತು. ಈಗ ಆ ಮನೆಯಲ್ಲಿ ನಡೆಯುತ್ತಿರುವ ಮಾತು ಏನೆಂದರೆ, ಕೆಲಸ ಬಿಡಿಸಿ ಮದುವೆ ಮಾಡಿಬಿಟ್ಟರೆ ಕಾರ್ಡಾದರೂ ಉಳಿಯುತ್ತದಲ್ಲ ಎಂಬುದು. ಕೈಗೆ ನಗದು ಪಡೆದು, ಯಾವ ದಾಖಲೆಯಲ್ಲೂ ಸೇರದೆ ಅದಕ್ಕಿಂತ ಹೆಚ್ಚು ಸಂಪಾದಿಸುವವರ ಕಾರ್ಡು ಹಾಗೆಯೇ ಇದೆ. ಪಿಎಫ್ ಇರುವ ನೌಕರಿಗೆ ಹೋದ ಬಡವರ ಮಗಳು ಸಿಕ್ಕಿಬಿದ್ದಳು.

ಬೆರಳಿನ ಸಮಸ್ಯೆ ಹಳೆಯದು, ಬಹಳ ಹೇಳುವುದಿಲ್ಲ. ಕಬ್ಬಿನ ಸೋಗೆ ಬಿಡಿಸಿದ ಕೈ, ಕೆಸರಿನಲ್ಲಿ ನಾಟಿ ಹಾಕಿದ ಕೈ, ಮನೆಮನೆಯ ಪಾತ್ರೆ ತಿಕ್ಕಿದ ಕೈ—ಇವುಗಳ ಗೆರೆ ಸವೆದುಹೋಗಿರುತ್ತದೆ. ಇ-ಕೆವೈಸಿ, ಅಂದರೆ ಮಿಷನ್ನಿನಲ್ಲಿ ಬೆರಳೊತ್ತಿ ಗುರುತು ಖಚಿತಪಡಿಸುವುದು, ಆಗಲಿಲ್ಲವೆಂದು ಮುದುಕಿಯೊಬ್ಬಳ ಹೆಸರು ಬಿಟ್ಟುಹೋಯಿತು. ಕಾರ್ಡು ಇದೆ, ಅದರಲ್ಲಿ ಅವಳ ಪಾಲು ಮಾತ್ರ ಇಲ್ಲ. ‘ನಾನು ತಿನ್ನುವುದು ಮಗನ ಪಾಲು’ ಎಂದು ಅವಳು ಜಗಲಿಯ ಮೇಲೆ ಕುಳಿತು ಹೇಳಿದಳು. ಬೆರಳು ಬಾರದಿದ್ದರೆ ಒಟಿಪಿ ಎನ್ನುತ್ತಾರೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಫೋನು ಮನೆಯಲ್ಲಿರಬೇಕು, ಅದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮೊಮ್ಮಗನ ಜೇಬಿನಲ್ಲಿದೆ.

ಪೇಟೆಯವರ ಪಾಡು ಇದಕ್ಕಿಂತ ಕಷ್ಟ. ನನ್ನ ತಂಗಿ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಅವಳ ನೆರೆಹೊರೆಯ ಹೆಂಗಸರು ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆಯುತ್ತಾರೆ, ಬೀಡಿ ಕಟ್ಟುತ್ತಾರೆ. ಹಳ್ಳಿಯಲ್ಲಿ ಬದುವಿನ ಸೊಪ್ಪು ದುಡ್ಡಿಲ್ಲದೆ ಸಿಗುತ್ತದೆ, ಕಬ್ಬಿನ ಗದ್ದೆಯವರು ಸೌದೆ ಕೊಡುತ್ತಾರೆ, ಕೊಯ್ಲಿನ ಕಾಲದಲ್ಲಿ ಕೂಲಿಯ ಜೊತೆ ಒಂದಿಷ್ಟು ಭತ್ತವನ್ನೂ ಅಳೆದು ಕೊಡುವ ಮನೆಗಳು ಇನ್ನೂ ಇವೆ. ಮೈಸೂರಿನ ಗಲ್ಲಿಯಲ್ಲಿ ಕೊತ್ತಂಬರಿ ಸೊಪ್ಪಿಗೂ ಕಾಸು, ನೀರಿಗೂ ಕಾಸು, ಮೊದಲನೇ ತಾರೀಕಿಗೆ ಬಾಡಿಗೆ. ಕಾರ್ಡು ಎಪಿಎಲ್ ಆದ ಒಂದು ಮನೆಯವರು ಬಾಡಿಗೆಗೆ ಹೆದರಿ ಊಟ ಇಳಿಸಿಕೊಂಡರು. ಊಟವನ್ನು ಯಾರೂ ಬಾಗಿಲಿಗೆ ಬಂದು ಕೇಳುವುದಿಲ್ಲವಲ್ಲ.

ಕೊಟ್ಟ ಸಾಲ ವಾಪಸು ಕೇಳಲು ಮಾತ್ರ ಬಾಗಿಲಿಗೆ ಬರುತ್ತಾರೆ. ಅಕ್ಕಿ ನಿಂತ ಮೊದಲ ತಿಂಗಳು ಕಿರಾಣಿ ಅಂಗಡಿಯ ಕಡ, ಎರಡನೆಯ ತಿಂಗಳು ಸ್ವಸಹಾಯ ಸಂಘದ ಸಾಲ, ಮೂರನೆಯ ತಿಂಗಳು ಮೈಕ್ರೋಫೈನಾನ್ಸಿನವರ ವಾರದ ಕಂತು: ಈ ಕ್ರಮವನ್ನು ನಾನು ಕನಿಷ್ಠ ಐದು ಮನೆಗಳಲ್ಲಿ ನೋಡಿದ್ದೇನೆ. ಇಂಥ ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒಂದು ಕೈಯಿಂದ ಕಂತಿನವರನ್ನು ತಡೆದು ಇನ್ನೊಂದು ಕೈಯಿಂದ ಅಕ್ಕಿಯನ್ನು ತಡೆದರೆ ಆ ಮನೆ ಹೋಗಿ ಸೇರುವುದು ಮತ್ತೆ ಅದೇ ಕಂತಿನವರ ಬಳಿಗೇ.

ಬಿಪಿಎಲ್ ಕಾರ್ಡಿನ ಜೊತೆಗೆ ಆಸ್ಪತ್ರೆಯೂ ಕಟ್ಟಿಕೊಂಡಿದೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತವರು ಮರೆತಂತಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ನ್ನು ಮಾತ್ರ ಸರ್ಕಾರ ಭರಿಸುತ್ತದೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರೊಬ್ಬರು ಹದಿನೇಳು ಮನೆಗಳಲ್ಲಿ ಒಂದರಲ್ಲಿದ್ದಾರೆ. ಅವರ ಮನೆಯವರು ಅಕ್ಕಿಯ ವಿಚಾರ ಎತ್ತಲೇ ಇಲ್ಲ.

ಆಹಾರ ಯಾರ ಭಿಕ್ಷೆಯೂ ಅಲ್ಲ ಎಂಬುದು ಕಾನೂನೇ ಹೇಳಿದ ಮಾತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ (ನಾವು ಬಿಪಿಎಲ್ ಎನ್ನುವವರ) ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆ.ಜಿ., ಕಡುಬಡವರಾದ ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಧಾನ್ಯವನ್ನು ಹಕ್ಕಾಗಿಸಿದೆ. ಹಕ್ಕಿನ ಧಾನ್ಯ ಸಿಗದಿದ್ದರೆ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಅದರ 8ನೇ ಸೆಕ್ಷನ್ ಹೇಳುತ್ತದೆ. ದೂರು ಕೇಳಲು ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕೆಂದು 15ನೇ ಸೆಕ್ಷನ್, ರಾಜ್ಯ ಆಹಾರ ಆಯೋಗವಿರಬೇಕೆಂದು 16ನೇ ಸೆಕ್ಷನ್ ಹೇಳುತ್ತವೆ. ನನ್ನ 31 ವರ್ಷದ ಸೇವೆಯಲ್ಲಿ ಆ ಭತ್ಯೆಯನ್ನು ಪಡೆದ ಒಬ್ಬ ಕಾರ್ಡುದಾರರನ್ನೂ ನಾನು ಕಂಡಿಲ್ಲ. ದೂರು ಕೊಡಲು ಹೋದವರ ಅನುಭವವನ್ನು ಬಲ್ಲೆ: ಮೇಲೆ ಹೇಳಿದ ಆ ವಿಧವೆಯ ಜೊತೆ ನಾನೂ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಮೊದಲ ಸಲ ‘ಸರ್ವರ್ ಇಲ್ಲ’, ಎರಡನೆಯ ಸಲ ‘ಇದು ಮೇಲಿಂದಲೇ ಆಗಿದೆ’, ಮೂರನೆಯ ಸಲ ‘ಹೊಸದಾಗಿ ಅರ್ಜಿ ಹಾಕಿ’. ಹೊಸ ಅರ್ಜಿಯ ಕಿಟಕಿ ಮಾತ್ರ ಯಾವಾಗ ತೆರೆಯುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರು ಸಲ ಹೋಗಿಬಂದದ್ದಕ್ಕೆ ಅವಳಿಗೆ ಮೂರು ದಿನದ ಕೂಲಿ ಹೋಯಿತು. ಬಸ್ಸಿಗೆ ಅವಳಿಗೆ ದುಡ್ಡು ಬೇಕಾಗಲಿಲ್ಲ, ಶಕ್ತಿ ಯೋಜನೆ ಇತ್ತು, ಟಿಕೆಟ್ಟು ನನಗೊಬ್ಬನಿಗೇ.

ಕಾಯ್ದೆಯಲ್ಲಿ ಗ್ರಾಮೀಣ ಜನಸಂಖ್ಯೆಯ ಶೇ 75, ನಗರದ ಶೇ 50 ಎಂದು ದೇಶಕ್ಕೆ ಕಟ್ಟಿದ ಗರಿಷ್ಠ ಮಿತಿಯ ಲೆಕ್ಕ ಇಂದಿಗೂ 2011ರ ಜನಗಣತಿಯ ಮೇಲೆಯೇ ನಿಂತಿದೆ ಎಂಬುದನ್ನು ಬಲ್ಲೆ. 2011ರ ಆಚೆಗೆ ಹುಟ್ಟಿದ ಮಗು ಈಗ ಹೈಸ್ಕೂಲಿನಲ್ಲಿದೆ. ಕೇಂದ್ರದ ಪಾಲು ಹೆಚ್ಚದೆ ಹೊಸಬರಿಗೆ ಜಾಗ ಮಾಡಬೇಕಾದರೆ ಹಳಬರನ್ನು ಇಳಿಸಬೇಕು ಎಂಬ ಒತ್ತಡ ರಾಜ್ಯದ ಮೇಲಿರಬಹುದು. ಹಾಗಿದ್ದರೆ ಅದನ್ನು ಜನರ ಮುಂದೆ ಹೇಳಿ, ದೆಹಲಿಯಲ್ಲಿ ಕೇಳಿ. ಅನರ್ಹರನ್ನು ತೆಗೆಯುತ್ತಿದ್ದೇವೆ ಎಂಬ ಹೆಸರಿನಲ್ಲಿ ಆ ಒತ್ತಡವನ್ನು ಕಬ್ಬು ಕಡಿಯುವವನ ತಲೆಯ ಮೇಲೆ ಇಳಿಸುವುದು ನ್ಯಾಯವಲ್ಲ.

ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಬೇಳೆ, ಎಣ್ಣೆ ಕೊಡುವ ಯೋಚನೆ ಒಳ್ಳೆಯದು. ಮೇಲೆ ನಾನು ಹೇಳಿದ ಮನೆಯ ಕೊರತೆಯೂ ಅದೇ. ನನ್ನ ಆತಂಕ ತಕ್ಕಡಿಯ ಹಿಂದೆ ನಿಂತವನ ಆತಂಕ. ಅಕ್ಕಿಯನ್ನು ನಿಲ್ಲಿಸುವುದು ಒಂದು ಆದೇಶದಲ್ಲಿ ಆಗಿಬಿಡುತ್ತದೆ; ಬೇಳೆ ಬರುವುದಕ್ಕೆ ಟೆಂಡರು, ಪ್ಯಾಕಿಂಗು, ಲಾರಿ, ಗೋದಾಮು ಎಲ್ಲ ಆಗಬೇಕು. ನಡುವಿನ ತಿಂಗಳುಗಳಲ್ಲಿ ಎರಡೂ ಇರುವುದಿಲ್ಲ. ಅಕ್ಕಿಯ ಬದಲು ಹಣ ಕೊಡುತ್ತಿದ್ದ ಕಾಲದಲ್ಲಿ ಕಂತು ತಡವಾಗಿ, ಖಾತೆ ನೋಡಿಸಿಕೊಂಡು ಬರಲೆಂದೇ ಬ್ಯಾಂಕಿಗೆ ಅಲೆದವರನ್ನು ನಾವು ನೋಡಿಯಾಗಿದೆ. ಆದ್ದರಿಂದ ಯಾವುದೇ ಬದಲಾವಣೆಯಲ್ಲಿ ಕಿಟ್ಟು ಸೊಸೈಟಿಯ ಕೋಣೆಗೆ ಬಂದು ಬಿದ್ದಿದೆಯೆಂದು ಖಚಿತವಾದ ತಿಂಗಳು ಮಾತ್ರ ಅಕ್ಕಿ ಕಡಿಮೆಯಾಗಬೇಕು.

ತಮ್ಮಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಯಾವ ಕಾರ್ಡನ್ನು ರದ್ದು ಮಾಡಬೇಕಾದರೂ, ಎಪಿಎಲ್‌ಗೆ ಬದಲಿಸಬೇಕಾದರೂ, ಕಾರಣವನ್ನು ಕನ್ನಡದಲ್ಲಿ ಬರೆದ ನೋಟಿಸನ್ನು ಕಾಯ್ದೆಯ ಪ್ರಕಾರ ಮನೆಯ ಯಜಮಾನಿಯಾಗಿರುವ ಮಹಿಳೆಯ ಕೈಗೇ ಕೊಟ್ಟು, ಅದೇ ಊರಿನಲ್ಲಿ, ಪಡಿತರ ಹಂಚುವ ದಿನವೇ ವಿಚಾರಣೆ ನಡೆಸಬೇಕು. ತೀರ್ಮಾನವಾಗುವವರೆಗೆ ಅಕ್ಕಿಯೂ ಆಸ್ಪತ್ರೆಯ ಸೌಲಭ್ಯವೂ ನಿಲ್ಲಬಾರದು. ರಿಟರ್ನ್ಸ್ ಸಲ್ಲಿಸಿದವರನ್ನೂ ತೆರಿಗೆ ಕಟ್ಟಿದವರನ್ನೂ ಬೇರೆ ಬೇರೆಯಾಗಿ ನೋಡಬೇಕು. 1.20 ಲಕ್ಷದ ಮಿತಿಯನ್ನು ಏರಿಸಿ, ಪ್ರತಿ ವರ್ಷದ ಕೂಲಿ ದರದ ಜೊತೆ ಅದೂ ಏರುವಂತೆ ಕಟ್ಟಬೇಕು, ಮತ್ತು ಗಾರ್ಮೆಂಟ್ಸಿಗೆ ಹೋಗುವ ಮಗಳ ಸಂಬಳ ಒಂದರಿಂದಲೇ ಮನೆಯ ಕಾರ್ಡು ಹೋಗುವ ಸ್ಥಿತಿ ಇರಬಾರದು. ಬೆರಳು ಬಾರದ ವೃದ್ಧರ ಇ-ಕೆವೈಸಿಯನ್ನು ಅವರ ಮನೆಗೆ ಹೋಗಿ ಮಾಡಬೇಕು. ತಪ್ಪಾಗಿ ನಿಲ್ಲಿಸಿದ್ದು ರುಜುವಾತಾದರೆ ನಿಂತ ತಿಂಗಳುಗಳ ಪಾಲನ್ನು 8ನೇ ಸೆಕ್ಷನ್ನಿನ ಭತ್ಯೆಯಾಗಿ ಕೊಡಬೇಕು. ಆ ಹಣ ಇಲಾಖೆಯ ಲೆಕ್ಕದಿಂದ ಹೋಗುತ್ತದೆಂದು ಗೊತ್ತಾದರೆ ರದ್ದುಪಡಿಸುವ ಮುನ್ನ ಇನ್ನೊಮ್ಮೆ ನೋಡುವ ಅಭ್ಯಾಸ ತಾನಾಗಿಯೇ ಬರುತ್ತದೆ.

ಹದಿನೇಳು ಮನೆಗಳ ಕಾರ್ಡಿನ ಸಂಖ್ಯೆ, ಪಡಿತರ ನಿಂತ ತಿಂಗಳು, ಹೇಳಿದ ಕಾರಣ, ಮನೆಯಲ್ಲಿರುವವರು ಎಷ್ಟು ಮಂದಿ, ಎಲ್ಲಿ ಕೂಲಿ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅವರ ಮರ್ಯಾದೆಯ ದೃಷ್ಟಿಯಿಂದ ಹೆಸರುಗಳನ್ನು ಇಲ್ಲಿ ಬರೆದಿಲ್ಲ. ತಮ್ಮ ಇಲಾಖೆಯ ಯಾವ ಅಧಿಕಾರಿ ಬಂದರೂ ಆ ಪುಸ್ತಕವನ್ನು ಕೊಡುತ್ತೇನೆ, ಜೊತೆಯಲ್ಲಿ ನಡೆದು ಹದಿನೇಳು ಮನೆಗಳನ್ನೂ ತೋರಿಸುತ್ತೇನೆ. ಅವುಗಳಲ್ಲಿ ಒಂದೆರಡು ನಿಜವಾಗಿಯೂ ಅನರ್ಹವೆಂದು ಕಂಡುಬಂದರೆ ಅದನ್ನು ನಾನೇ ಮೊದಲು ಒಪ್ಪುತ್ತೇನೆ. ಬೆಳಿಗ್ಗೆ ಎಂಟರ ಮೇಲೆ ಎಲ್ಲರೂ ಗದ್ದೆಗೆ ಹೋಗಿರುತ್ತಾರೆ. ಆದ್ದರಿಂದ ಬರುವವರು ಏಳು ಗಂಟೆಯೊಳಗೆ, ಇಲ್ಲವೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಸಹಕಾರ ಸಂಘದ ನಿವೃತ್ತ ಮಾರಾಟ ಗುಮಾಸ್ತ,
ಮಂಡ್ಯ ಜಿಲ್ಲೆ.